ಮಳೆಗಾಲ ಕಳೆದ ಮೇಲೆ ಸ್ಟೀರಿಂಗ್ ಭಾರ: ರ‍್ಯಾಕೇ ಹೋಯ್ತಾ, ಬೇರೆ ಏನಾದ್ರೂ ಇರಬಹುದಾ?

ಅಘನಾಶಿನಿ (ಕುಮಟಾ)

ಎಲ್ಲರಿಗೂ ನಮಸ್ಕಾರ. ಹಳೇ ಡೀಸೆಲ್ ಕಾರು, ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಈ ಸಲ ಮಳೆ ಕಡಿಮೆ ಆಗೋ ಹೊತ್ತಿಗೆ ಸ್ಟೀರಿಂಗ್ ಭಾರ ಅನ್ನಿಸೋಕೆ ಶುರುವಾಯ್ತು. ಊರೊಳಗೆ ಹೇಗೋ ಸಂಭಾಳಿಸಬಹುದು, ಆದರೆ ದೇವಿಮನೆ ಘಟ್ಟ ಹತ್ತುವಾಗ ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋದಿಲ್ಲ, ನಾನೇ ಎಳೆದು ತರಬೇಕು. ಪೂರ್ತಿ ತಿರುಗಿಸಿದಾಗ ಬಾನೆಟ್ ಒಳಗಿಂದ ಸಣ್ಣಗೆ ಕುಂಯ್ ಅಂತ ಶಬ್ದ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಕೆಳಗೆ ಬಗ್ಗಿ ಕೂಡ ನೋಡಲಿಲ್ಲ, ಸ್ಟೀರಿಂಗ್ ಎರಡು ಸಲ ತಿರುಗಿಸಿ "ರ‍್ಯಾಕ್ ಹೋಗಿದೆ, ಪೂರ್ತಿ ಬದಲಾಯಿಸಬೇಕು" ಅಂದರು. ಸ್ಟೀರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸೋ ಹಲ್ಲಿನ ಸರಳು ಅದು. ಹೇಳಿದ ಮೊತ್ತ ಕೇಳಿದರೆ ಕಾರನ್ನೇ ಮಾರೋದು ಒಳ್ಳೇದು ಅನ್ನಿಸ್ತು. ಪಾನಾ ಸೆಟ್ಟು, ಜಾಕು ಮನೆಯಲ್ಲಿದೆ. ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ನಾನೇ ಬದಲಾಯಿಸ್ತೇನೆ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡೋಕೆ ಆಗ್ತದಾ?

ಹೊನ್ನಾವರ ಬಂಡಿ

ಸ್ಟೀರಿಂಗ್ ಆಯಿಲ್ ಹಾಕಿ ನೋಡಿದ್ರಾ?

ಅಘನಾಶಿನಿ (ಕುಮಟಾ)

ಡಬ್ಬಿಯಲ್ಲಿ ಮಿನಿಮಮ್ ಗೆರೆಗಿಂತ ಸ್ವಲ್ಪ ಕೆಳಗಿತ್ತು, ತುಂಬಿಸಿದೆ. ಕುಂಯ್ ಶಬ್ದ ಹೆಚ್ಚುಕಮ್ಮಿ ಹೋಯ್ತು. ಭಾರ ಮಾತ್ರ ಹಾಗೇ ಇದೆ.

ಘಟ್ಟದಮೇಲಿನವ (ಶಿರಸಿ)

ಆಯಿಲ್ ತುಂಬಿಸಿದ ಮೇಲೆ ಶಬ್ದ ಹೋಯ್ತು, ಭಾರ ಉಳೀತು. ಹಾಗಾದರೆ ನಿಮ್ಮ ಕಾರಿನಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಒಂದು, ಎಲ್ಲೋ ಆಯಿಲ್ ಸೋರ್ತಾ ಇದೆ. ಈ ಆಯಿಲ್ ಎಂಜಿನ್ ಆಯಿಲಿನ ಹಾಗೆ ಉರಿದು ಖರ್ಚಾಗೋದಲ್ಲ, ಕಡಿಮೆ ಆಯ್ತು ಅಂದರೆ ಹೊರಗೆ ಹೋಗಿದೆ ಅಂತಲೇ ಲೆಕ್ಕ. ಇನ್ನೊಂದು ಈ ಭಾರದ ಕಥೆ.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ತಾನಾಗಿ ನೇರಕ್ಕೆ ಬರೋದಿಲ್ಲ" ಅನ್ನೋ ಮಾತು. ತಿರುವು ಕಳೆದ ಮೇಲೆ ಚಕ್ರ ನೇರಕ್ಕೆ ಬರೋದು ಆಯಿಲ್ ಒತ್ತಿ ಸಹಾಯ ಕೊಡೋ ಪಂಪಿನಿಂದಲ್ಲ, ಮುಂದಿನ ಚಕ್ರದ ಕ್ಯಾಸ್ಟರ್ ಕೋನದಿಂದ, ಅಂದರೆ ಚಕ್ರ ಎಡಬಲ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋದರಿಂದ. ಪಂಪ್ ಸೋತರೆ ತಿರುಗಿಸೋದು ಕಷ್ಟ ಆಗ್ತದೆ, ಆದರೆ ಓಡ್ತಿರೋ ಕಾರಿನಲ್ಲಿ ಕೈ ಸಡಿಲ ಬಿಟ್ಟರೆ ನಿಧಾನವಾಗಿಯಾದರೂ ವಾಪಸ್ ಬರ್ತದೆ. ಹೋಗೋಕೂ ಕಷ್ಟ, ಬರೋಕೂ ಕಷ್ಟ ಅಂದರೆ ಎಲ್ಲೋ ಲೋಹಕ್ಕೆ ಲೋಹ ಹಿಡೀತಾ ಇದೆ. ಅದು ರ‍್ಯಾಕೇ ಆಗಬೇಕು ಅಂತೇನಿಲ್ಲ. ಸ್ಟೀರಿಂಗ್ ಕಾಲಮ್ಮಿಗೂ ರ‍್ಯಾಕಿಗೂ ನಡುವೆ ಇರೋ ಶಾಫ್ಟಿನ ಕ್ರಾಸ್ ಜಾಯಿಂಟು (ಕೋನದಲ್ಲೂ ತಿರುಗೋಕೆ ಬಿಡೋ ಶಿಲುಬೆಯಾಕಾರದ ಕೀಲು), ಚಕ್ರ ಹಿಡಿದಿರೋ ಕೆಳಗಿನ ಬಾಲ್ ಜಾಯಿಂಟು, ಸಸ್ಪೆನ್ಶನ್ ಸ್ಟ್ರಟ್ಟಿನ (ಸ್ಪ್ರಿಂಗ್ ಕೂತಿರೋ ಶಾಕ್ ಅಬ್ಸಾರ್ಬರ್ ಕಂಬದ) ತಲೆಯ ಬೇರಿಂಗು, ಯಾವುದೂ ಆಗಬಹುದು. ಎಲ್ಲಾ ರ‍್ಯಾಕಿಗಿಂತ ಅಗ್ಗ.

ಇಷ್ಟಕ್ಕೆ ಉತ್ತರ ಕೊಡಿ, ಆಮೇಲೆ ಮುಂದೆ ಹೋಗೋಣ:

ಎರಡೂ ಕಡೆ ಒಂದೇ ಭಾರವಾ, ಒಂದೇ ಕಡೆಗಾ? ನಿಂತಲ್ಲೇ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಹಗುರ ಆಗ್ತದಾ? ಬೆಳಿಗ್ಗೆ ಮೊದಲ ಸಲ ಹೊರಟಾಗ ಹೆಚ್ಚಾ, ಬಿಸಿಯಾದ ಮೇಲಾ? ಟೈರಿನ ಗಾಳಿ ಎಷ್ಟಿದೆ? ಕೊನೇ ಪ್ರಶ್ನೆ ನೋಡಿ ನಗಬೇಡಿ. ಮುಂದಿನ ಎರಡೂ ಟೈರಿನಲ್ಲಿ 20 ಪಿಎಸ್‌ಐ ಇಟ್ಟುಕೊಂಡು ಪಂಪ್ ಬದಲಾಯಿಸಿದವರನ್ನು ನೋಡಿದ್ದೇನೆ.

ಅಘನಾಶಿನಿ (ಕುಮಟಾ)

ಗಾಳಿ ಸರಿ ಇದೆ, 32. ಎರಡೂ ಕಡೆ ಒಂದೇ ಥರ. ಆಕ್ಸಿಲರೇಟರ್ ಒತ್ತಿದರೂ ಏನೂ ವ್ಯತ್ಯಾಸ ಇಲ್ಲ. ಬಿಸಿ, ತಣ್ಣಗೆ ಅಂತ ಭೇದ ಇಲ್ಲ. ಆದರೆ ಒಂದು ವಿಷಯ: ಭಾರ ಒಂದೇ ಸಮ ಇಲ್ಲ. ತಿರುಗಿಸ್ತಾ ಹೋದರೆ ನಡುನಡುವೆ ಬಿಗಿಯಾಗಿ ಆಮೇಲೆ ಬಿಡ್ತದೆ.

ಕೋಡಿಬಾಗ ಡೀಸೆಲ್ (ಕಾರವಾರ)

ಬಿಗಿಯಾಗಿ ಬಿಡೋದು ಒಂದು ಸುತ್ತಿಗೆ ಎರಡು ಸಲವಾ? ಹೌದಾದರೆ ಕ್ರಾಸ್ ಜಾಯಿಂಟ್ ಅಂತ ಇಲ್ಲಿ ಕೂತೇ ಹೇಳ್ತೇನೆ.

ನಾನು ಬೋಟಿನ ಎಂಜಿನ್ ಕೆಲಸದವನು, ಕಾರು ಹವ್ಯಾಸ. ಸಮುದ್ರದ ಪಕ್ಕ ಇರೋ ಕಾರುಗಳಲ್ಲಿ ಈ ಜಾಯಿಂಟ್ ಹಿಡಿಯೋದು ತುಂಬಾ ಸಾಮಾನ್ಯ. ಅದರ ನಾಲ್ಕು ತುದಿಯಲ್ಲಿ ಸೂಜಿಯಷ್ಟು ಸಪೂರ ರೋಲರ್ ಬೇರಿಂಗ್ ಇರ್ತವೆ. ಕಾರ್ಖಾನೆಯಲ್ಲಿ ಹಾಕಿದ ಗ್ರೀಸೇ ಕೊನೇ ತನಕ. ಗ್ರೀಸ್ ತುಂಬೋ ನಿಪ್ಪಲ್ ಹೆಚ್ಚಿನ ಕಾರುಗಳಲ್ಲಿ ಇಲ್ಲ. ಸೀಲ್ ಒಣಗಿ ನೀರು ಒಳಗೆ ಹೋದರೆ ತುಕ್ಕು ಹಿಡಿದು ಒಂದು ಅಕ್ಷದಲ್ಲಿ ಗಟ್ಟಿಯಾಗ್ತದೆ. ಇನ್ನೊಂದು ಅಕ್ಷ ಚೆನ್ನಾಗೇ ತಿರುಗ್ತದೆ. ಅದಕ್ಕೇ ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿ, ಎರಡು ಕಡೆ ಸಡಿಲ.

ಹೆದ್ದಾರಿ 66ರಲ್ಲಿ ಮೀನಿನ ಲಾರಿ ಹಿಂದೆ ಹೋದವರಿಗೆಲ್ಲ ಗೊತ್ತು, ಉಪ್ಪು ನೀರು ರಸ್ತೆಗೆ ಸುರೀತಾ ಹೋಗ್ತದೆ. ಅದೇ ನೀರು ನಮ್ಮ ಕಾರಿನ ಅಡಿಗೆ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಉಳಿದ ತಿಂಗಳು ಉಪ್ಪಿನ ಗಾಳಿ.

ಹೊನ್ನಾವರ ಬಂಡಿ

ಸ್ವಲ್ಪ ನಿಲ್ಲಿ. ರ‍್ಯಾಕಿನ ಒಳಗಿನ ರೋಟರಿ ವಾಲ್ವ್, ಅಂದರೆ ಆಯಿಲನ್ನು ಯಾವ ಕಡೆಗೆ ಕಳಿಸಬೇಕು ಅಂತ ನಿರ್ಧರಿಸೋ ವಾಲ್ವ್, ಹಿಡಿದುಕೊಂಡರೂ ಸ್ಟೀರಿಂಗ್ ನೇರಕ್ಕೆ ವಾಪಸ್ ಬರೋದಿಲ್ಲ. ವಾಲ್ವ್ ನಡುವಿಗೆ ಮರಳದಿದ್ದರೆ ಆಯಿಲಿನ ಒತ್ತಡ ಒಂದೇ ಕಡೆ ತಳ್ಳುತ್ತಾ ಇರ್ತದೆ. ಇದು ಪುಸ್ತಕದ ಮಾತಲ್ಲ, ನನ್ನ ಮೊದಲಿನ ಕಾರಿನಲ್ಲೇ ಹೀಗಾಗಿತ್ತು, ರ‍್ಯಾಕ್ ಬಿಚ್ಚಲೇಬೇಕಾಯ್ತು. ಫೋನಿನಲ್ಲಿ ನಾಡಿ ನೋಡಿ ಮದ್ದು ಕೊಡೋದು ಬೇಡ. ಗ್ಯಾರೇಜಿನವರು ಹೇಳಿದ್ದು ತಪ್ಪೇ ಅಂತ ಹೇಗೆ ಹೇಳ್ತೀರಿ?

ಘಟ್ಟದಮೇಲಿನವ (ಶಿರಸಿ)

ನ್ಯಾಯವಾದ ಆಕ್ಷೇಪ. ವಾಲ್ವ್ ಹಿಡಿದಾಗ ಸಾಮಾನ್ಯವಾಗಿ ಕಾರು ತಾನಾಗಿ ಒಂದು ಕಡೆ ಎಳೀತದೆ, ಅಥವಾ ಒಂದು ದಿಕ್ಕಿಗೆ ಹಗುರ ಇನ್ನೊಂದಕ್ಕೆ ಭಾರ ಇರ್ತದೆ. ಇವರದ್ದು ಎರಡೂ ಕಡೆ ಸಮ. ಆದರೂ ವಾದ ಮಾಡೋದು ಯಾಕೆ, ಎಂಜಿನ್ ಆಫ್ ಮಾಡಿದರೆ ಹೈಡ್ರಾಲಿಕ್ ಪಾತ್ರವೇ ಮುಗೀತು. ಆಗ ಉಳಿಯೋದು ಬರೀ ಲೋಹ.

ಅಘನಾಶಿನಿಯವರೇ, ಹೀಗೆ ಮಾಡಿ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಗೇರಿನಲ್ಲಿ ಕಾರು, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು. ಮುಂದಿನ ಎರಡೂ ಚಕ್ರ ನೆಲದಿಂದ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸ್ಟ್ಯಾಂಡ್ ಇಲ್ಲ ಅಂದರೆ ತನ್ನಿ, ಇಲ್ಲವೇ ಈ ಕೆಲಸ ಬಿಡಿ. ದಯವಿಟ್ಟು ಚಿರೇಕಲ್ಲು ಪೇರಿಸಿ ಅದರ ಮೇಲೆ ಕಾರು ಕೂರಿಸಬೇಡಿ. ನಮ್ಮ ಕಡೆ ಎಲ್ಲರ ಮನೆ ಹಿಂದೆ ನಾಲ್ಕು ಚಿರೇಕಲ್ಲು ಬಿದ್ದಿರ್ತವೆ, ಕೈ ಅಲ್ಲಿಗೇ ಹೋಗ್ತದೆ. ಗೋಡೆಯಲ್ಲಿ ಹರಡಿ ಬರೋ ಭಾರ ಹೊರೋ ಕಲ್ಲು ಅದು. ಒಂದೇ ಬಿಂದುವಿನಲ್ಲಿ ಕಬ್ಬಿಣ ಒತ್ತಿದರೆ ಮುನ್ಸೂಚನೆ ಇಲ್ಲದೇ ಒಡೀತದೆ. ಅಂಗಳ ಮಣ್ಣಿನದ್ದಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಕೊಡಿ, ಮಳೆಯಲ್ಲಿ ನೆಂದ ನೆಲ ಹೂತುಹೋಗ್ತದೆ.

ಎಂಜಿನ್ ಆಫ್, ಕೀ ಆನ್ ಮಾತ್ರ, ಸ್ಟೀರಿಂಗ್ ಲಾಕ್ ಬಿಡೋಕೆ. ಎರಡು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ಆಯಿಲ್ ತಳ್ಳೋ ಪ್ರತಿರೋಧ ಇರ್ತದೆ, ಆದರೆ ಅದು ಉದ್ದಕ್ಕೂ ಒಂದೇ ಸಮ. ನಡುವೆ ಹಿಡಿದು ಬಿಟ್ಟರೆ ಎಲ್ಲಿ ಹಿಡೀತದೆ ಅಂತ ಸ್ಟೀರಿಂಗಿಗೆ ಟೇಪ್ ಅಂಟಿಸಿ ಗುರುತು ಮಾಡಿ. ಆಮೇಲೆ ಯಾರನ್ನಾದರೂ ಒಳಗೆ ಕೂರಿಸಿ ತಿರುಗಿಸೋಕೆ ಹೇಳಿ, ನೀವು ಮುಂದಿನ ಸ್ಪ್ರಿಂಗ್ ಮೇಲೆ ಕೈ ಇಡಿ. ಸ್ಪ್ರಿಂಗ್ ಟಂಗ್ ಅಂತ ಹಾರಿದರೆ ಸ್ಟ್ರಟ್ಟಿನ ತಲೆಯ ಬೇರಿಂಗ್ ಹೋಗಿದೆ. ಸ್ಪ್ರಿಂಗ್ ಸುಮ್ಮನೆ ನಯವಾಗಿ ತಿರುಗಿದರೆ ಅದು ಅಪರಾಧಿ ಅಲ್ಲ.

ಅಲ್ಲೇ ಇರುವಾಗ ರ‍್ಯಾಕಿನ ಎರಡೂ ತುದಿಯ ರಬ್ಬರ್ ಬೂಟ್ ಹಿಸುಕಿ ನೋಡಿ. ಒಳಗೆ ಆಯಿಲ್ ಪಚಪಚ ಅಂದರೆ ರ‍್ಯಾಕ್ ಸೀಲ್ ಹೋಗಿದೆ, ಗ್ಯಾರೇಜಿನವರ ಮಾತೇ ಗೆಲ್ತದೆ. ಒಣಗಿದ್ದರೆ ಸೋರಿಕೆ ಬೇರೆ ಕಡೆ.

ಬೇಲೆಕೇರಿ

ಸೋರಿಕೆ ಹುಡುಕುವವರಿಗೆ ಒಂದು ಎಚ್ಚರಿಕೆ. ಎಂಜಿನ್ ಓಡ್ತಿರುವಾಗ ಪಂಪಿನಿಂದ ರ‍್ಯಾಕಿಗೆ ಹೋಗೋ ಹೈ ಪ್ರೆಶರ್ ಪೈಪಿನ ಮೇಲೆ ಕೈ ಆಡಿಸಬೇಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ ಅದರೊಳಗಿನ ಒತ್ತಡ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಬಂದ ಆಯಿಲ್ ಚರ್ಮದೊಳಗೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ, ಕಲೆ ಬೀಳ್ತದೆ. ಎಲ್ಲಕ್ಕಿಂತ ಸುಲಭ: ರಾತ್ರಿ ಕಾರಿನಡಿ ಪೇಪರ್ ಹಾಸಿ, ಬೆಳಿಗ್ಗೆ ಕಲೆಯ ಬಣ್ಣ ನೋಡಿ. ಕೆಂಪು ಅಥವಾ ಕಂದು ಕೆಂಪಾದರೆ ಸ್ಟೀರಿಂಗ್ ಆಯಿಲ್ ಇರಬಹುದು, ಕಪ್ಪಾದರೆ ಎಂಜಿನ್ನಿನದು, ಇಲ್ಲಾ ತುಂಬಾ ಹಳೇದಾದ ಸ್ಟೀರಿಂಗ್ ಆಯಿಲೂ ಇರಬಹುದು.

ಅಡಿಕೆ ಚೊಗರು (ಶಿರಸಿ ಹತ್ರ)

ಯಂಗ್ಳ ಕಾರಿಗೂ ಇದೇ ಕಥೆ ಆಯ್ದು ಮಾರಾಯ್ರೆ! ನಂದು ಸಣ್ಣ ಪೆಟ್ರೋಲ್ ಕಾರು. ಸ್ಟೀರಿಂಗ್ ಆಯಿಲ್ ಡಬ್ಬಿ ಎಲ್ಲಿದೆ ಅಂತ ಹುಡುಕಿ ಸುಸ್ತಾಯ್ತು, ಸಿಗಲೇ ಇಲ್ಲ. ಕೆಲವು ಸಲ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಚಿತ್ರದ ದೀಪ ಹತ್ತಿ ಸ್ಟೀರಿಂಗ್ ಕಲ್ಲಾಗ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿ.

ಕೋಡಿಬಾಗ ಡೀಸೆಲ್ (ಕಾರವಾರ)

ಚೊಗರು ಅವರೇ, ನಿಮ್ಮದರಲ್ಲಿ ಆಯಿಲೇ ಇಲ್ಲ! ಅದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಇಪಿಎಸ್. ಕಾಲಮ್ಮಿಗೆ ಒಂದು ಮೋಟರ್ ಜೋಡಿಸಿರ್ತಾರೆ. ನೀವು ಎಷ್ಟು ಬಲ ಹಾಕ್ತೀರಿ ಅಂತ ಟಾರ್ಕ್ ಸೆನ್ಸರ್ ಅಳೀತದೆ, ಕಂಪ್ಯೂಟರ್ ಅಷ್ಟಕ್ಕೆ ತಕ್ಕ ಹಾಗೆ ಮೋಟರಿಗೆ ಕರೆಂಟ್ ಕೊಡ್ತದೆ. ನಿಂತಲ್ಲೇ ತಿರುಗಿಸುವಾಗ ಹತ್ತಾರು ಆಂಪಿಯರ್ ಎಳೀತದೆ. ಇಡೀ ಕಾರಿನಲ್ಲಿ ಸ್ಟಾರ್ಟರ್ ಬಿಟ್ಟರೆ ಇದರಷ್ಟು ಹಸಿವು ಇರೋ ಸಾಮಾನು ಕಡಿಮೆ. ವೋಲ್ಟೇಜ್ ಒಂದು ಮಿತಿಗಿಂತ ಕುಸಿದರೆ ಕಂಪ್ಯೂಟರ್ "ನನ್ನಿಂದಾಗದು" ಅಂತ ಸಹಾಯ ನಿಲ್ಲಿಸಿ ದೀಪ ಹತ್ತಿಸ್ತದೆ.

ಅದಕ್ಕೇ ಮೊದಲು ಮಲ್ಟಿಮೀಟರ್ ತಗೊಳ್ಳಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಾದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡ್ತಿರುವಾಗ 13.8ರಿಂದ 14.5ರ ನಡುವೆ ಇರಬೇಕು. ಕಾರು ದಿನಾ ಓಡ್ತದಾ, ಕೊಟ್ಟಿಗೆಯಲ್ಲಿ ನಿಂತಿರ್ತದಾ?

ಅಡಿಕೆ ಚೊಗರು (ಶಿರಸಿ ಹತ್ರ)

ಪೇಟೆಗೆ ಹೋದ ದಿನ ಮಾತ್ರ. ಕೊನೆಕೊಯ್ಲಿನ ಹೊತ್ತಲ್ಲಿ ಅದೂ ಇಲ್ಲ. ಅಡಿಕೆ ಅಟ್ಟದ ಪಕ್ಕದಲ್ಲೇ ನಿಲ್ಲಿಸೋದು.

ಘಟ್ಟದಮೇಲಿನವ (ಶಿರಸಿ)

ಹಾಗಾದರೆ ಇಲಿ ಕಡೆಗೂ ಒಂದು ಕಣ್ಣಿರಲಿ. ತೋಟದ ಮನೆಯಲ್ಲಿ ನಿಂತ ಕಾರಿನ ವೈರ್ ಕಡಿಯೋಕೆ ಇಲಿಗೆ ಒಂದು ರಾತ್ರಿ ಸಾಕು. ಬಾನೆಟ್ ತೆಗೆದು ಬ್ಯಾಟರಿ ಟ್ರೇ ಹಿಂದೆ, ವೈರ್ ಕಟ್ಟಿನ ಮೂಲೆಗಳಲ್ಲಿ ಹಿಕ್ಕೆ, ಹುಲ್ಲು, ಅಡಿಕೆ ಸಿಪ್ಪೆ ಇದೆಯಾ ನೋಡಿ.

ಹೊನ್ನಾವರ ಬಂಡಿ

ಮತ್ತೆ ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಾಕಬೇಡಿ. ಅದು ಏರ್‌ಬ್ಯಾಗಿನದು.

ಕೋಡಿಬಾಗ ಡೀಸೆಲ್ (ಕಾರವಾರ)

ಇಪಿಎಸ್ ಇರೋರಿಗೆ ಇನ್ನೆರಡು ಮಾತು, ಇದು ತುಂಬಾ ಜನ ಕೇಳ್ತಾರೆ. ಜಾತ್ರೆ ಹೊತ್ತಲ್ಲಿ ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸೋಕೆ ಹಿಂದೆ ಮುಂದೆ ಮಾಡ್ತಾ ಸ್ಟೀರಿಂಗ್ ಹತ್ತಾರು ಸಲ ತಿರುಗಿಸಿದರೆ ಮೋಟರ್ ಬಿಸಿಯಾಗಿ ಸಹಾಯ ಕಡಿಮೆ ಆಗ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿ. ಅದು ಕೆಟ್ಟಿದ್ದಲ್ಲ, ತನ್ನನ್ನು ಉಳಿಸಿಕೊಳ್ಳೋದು. ಎರಡನೇದು, ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಂಜಿನ್ನಿನ, ಪಿ ಇಂದ ಶುರುವಾಗೋ ದೋಷದ ಕೋಡ್ ಓದ್ತದೆ. ಸ್ಟೀರಿಂಗಿನ ಕೋಡ್ ಸಾಮಾನ್ಯವಾಗಿ ಸಿ ಇಂದ ಶುರುವಾಗೋದು, ಅದನ್ನು ಓದೋಕೆ ಆ ಕಂಪನಿ ಕಾರಿಗೆ ಹೊಂದೋ ಸ್ಕ್ಯಾನರೇ ಬೇಕು. "ಸ್ಕ್ಯಾನ್ ಮಾಡಿದೆ, ಏನೂ ಬರಲಿಲ್ಲ" ಅಂದರೆ ಏನೂ ಇಲ್ಲ ಅಂತಲ್ಲ.

ಸ್ಟೀರಿಂಗ್ ದೀಪದ ಜೊತೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡೋ ವ್ಯವಸ್ಥೆ) ದೀಪವೂ ಹತ್ತಿದರೆ ಒಂದೋ ವೋಲ್ಟೇಜ್, ಇಲ್ಲಾ ಚಕ್ರದ ಹತ್ರ ಇರೋ ವೇಗದ ಸೆನ್ಸರ್. ವೇಗ ಗೊತ್ತಾಗದಿದ್ದರೆ ಎಷ್ಟು ಸಹಾಯ ಕೊಡಬೇಕು ಅಂತ ಇಪಿಎಸ್‌ಗೆ ತಿಳಿಯೋದಿಲ್ಲ. ಕೆಂಪು ಕೆಸರಿನಲ್ಲಿ ಓಡೋ ಕಾರುಗಳಲ್ಲಿ ಆ ಸೆನ್ಸರ್ ತೊಳೆದು ನೋಡೋದು ಪುಕ್ಕಟೆ ಕೆಲಸ.

ಅಘನಾಶಿನಿ (ಕುಮಟಾ)

ಭಾನುವಾರದ ವರದಿ. ಸ್ಟ್ಯಾಂಡ್ ಗೆಳೆಯನಿಂದ ತಂದೆ. ಎಂಜಿನ್ ಆಫ್ ಇದ್ದರೂ ಬಿಗಿ ಹಾಗೇ ಇದೆ, ಟೇಪ್ ಗುರುತು ನೋಡಿದರೆ ಒಂದು ಸುತ್ತಿಗೆ ಎರಡು ಕಡೆ, ಎದುರುಬದುರು. ಸ್ಪ್ರಿಂಗ್ ನಯವಾಗಿ ತಿರುಗ್ತದೆ. ರ‍್ಯಾಕ್ ಬೂಟ್ ಎರಡೂ ಒಣಗಿವೆ, ಹರಿದಿಲ್ಲ. ಸೋರಿಕೆ ಸಿಕ್ಕಿತು: ಡಬ್ಬಿಗೆ ವಾಪಸ್ ಬರೋ ಪೈಪಿನ ಕ್ಲಿಪ್ ತುಕ್ಕು ಹಿಡಿದು ಸಡಿಲ ಆಗಿದೆ, ಅಲ್ಲಿಂದ ತೊಟ್ಟಿಕ್ಕಿದೆ. ಡಬ್ಬಿಯೊಳಗಿನ ಆಯಿಲ್ ಮಾತ್ರ ಕೆಂಪಲ್ಲ, ಕಪ್ಪು ಕಷಾಯ.

ಕೋಡಿಬಾಗ ಡೀಸೆಲ್ (ಕಾರವಾರ)

ಹಂಗಾದ್ರೆ ಶಾಫ್ಟ್ ಬಿಚ್ಚಿ.

ಹೊನ್ನಾವರ ಬಂಡಿ

ಎಂಜಿನ್ ಆಫ್ ಇದ್ದಾಗಲೂ ಹಿಡೀತದೆ ಅಂದರೆ ವಾಲ್ವಿನ ನನ್ನ ವಾದ ಬಿದ್ದುಹೋಯ್ತು, ಒಪ್ಪಿದೆ. ಆದರೆ ಪಿನಿಯನ್, ಅಂದರೆ ಶಾಫ್ಟಿನ ತುದಿಗೆ ಸೇರಿ ರ‍್ಯಾಕನ್ನು ಸರಿಸೋ ಹಲ್ಲಿನ ಗಾಲಿ, ಅದರ ಬೇರಿಂಗ್ ಇನ್ನೂ ಉಳಿದಿದೆ. ಶಾಫ್ಟ್ ಕಳಚಿ ನೋಡೋ ತನಕ ಹೊಸ ಜಾಯಿಂಟ್ ಕೊಳ್ಳಬೇಡಿ.

ಘಟ್ಟದಮೇಲಿನವ (ಶಿರಸಿ)

ಸರಿಯಾದ ಮಾತು. ಕಳಚೋ ಕ್ರಮ ಸ್ವಲ್ಪ ವಿವರವಾಗಿ ಬರೀತೇನೆ, ಯಾಕೆಂದರೆ ಇಲ್ಲಿ ಅವಸರ ಮಾಡಿದರೆ ಸಣ್ಣ ಖರ್ಚಿನ ಕೆಲಸ ಏರ್‌ಬ್ಯಾಗ್ ಖರ್ಚಿಗೆ ಹೋಗ್ತದೆ.

ಚಕ್ರ ಪೂರ್ತಿ ನೇರ ಇರಲಿ. ಕೀ ತೆಗೆದು ಸ್ಟೀರಿಂಗ್ ಲಾಕ್ ಆಗೋ ತನಕ ತಿರುಗಿಸಿ, ಅದರ ಮೇಲೆ ಸೀಟ್ ಬೆಲ್ಟ್ ಸುತ್ತಿ ಬಿಗಿ ಮಾಡಿ. ಬ್ಯಾಟರಿಯ ನೆಗೆಟಿವ್ ಕಳಚಿ. ಶಾಫ್ಟ್ ಬಿಟ್ಟಾಗ ಸ್ಟೀರಿಂಗ್ ಯಾರಾದರೂ ಗರಗರ ತಿರುಗಿಸಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್, ಅಂದರೆ ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟ್ ಒಯ್ಯೋ ಸುರುಳಿ ಪಟ್ಟಿ, ತುಂಡಾಗ್ತದೆ. ಹಾರ್ನೂ ಹೋಗ್ತದೆ, ಏರ್‌ಬ್ಯಾಗ್ ದೀಪವೂ ಹತ್ತುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಾರಿನ ಬಾಗಿಲು ಹಾಕಿಟ್ಟಿರಿ.

ಜಾಯಿಂಟು, ಪಿನಿಯನ್ ಎರಡರ ಮೇಲೂ ಒಂದೇ ಗೆರೆಯಾಗಿ ಬಿಳಿ ಪೇಂಟಿನ ಗುರುತು ಹಾಕಿ. ಒಂದು ಹಲ್ಲು ತಪ್ಪಿದರೂ ಸ್ಟೀರಿಂಗ್ ಸೊಟ್ಟ ಕೂರ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಆಯಿಲ್ ಹಾಕಿಡಿ. ಅಲ್ಲಿರೋ ಬೋಲ್ಟ್ ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೀಬೇಕು. ಪಿನಿಯನ್ನಿನ ಕಚ್ಚಿನಲ್ಲಿ ಕೂತಿರ್ತದೆ ಅದು. ಆಮೇಲೆ ಜಾಯಿಂಟಿನ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ತುಸು ಅಗಲಿಸಿ ಮೇಲಕ್ಕೆ ಎಳೀರಿ. ಸುತ್ತಿಗೆಯಿಂದ ಪಿನಿಯನ್ನಿಗೆ ಮಾತ್ರ ಹೊಡೀಬೇಡಿ, ರ‍್ಯಾಕ್ ಚೆನ್ನಾಗಿದ್ದದ್ದು ಆಗ ಕೆಡ್ತದೆ.

ಕೈಗೆ ಬಂದ ಜಾಯಿಂಟನ್ನು ಎರಡೂ ಅಕ್ಷದಲ್ಲಿ ಬಗ್ಗಿಸಿ. ಒಳ್ಳೇ ಜಾಯಿಂಟ್ ತನ್ನ ಭಾರಕ್ಕೇ ಬೀಳ್ತದೆ ಅಥವಾ ಬೆರಳಿನಿಂದ ಸರಾಗ ಬಗ್ತದೆ. ಆಟ ಅಂದರೆ ಲೂಸ್ ಇರಬಾರದು. ಜೊತೆಗೆ ಶಾಫ್ಟ್ ಇಲ್ಲದಿರುವಾಗ ಎತ್ತಿದ ಚಕ್ರವನ್ನು ಕೈಯಿಂದ ಎಡಕ್ಕೆ ಬಲಕ್ಕೆ ತಳ್ಳಿ. ಒಂದೇ ಸಮ ಹೋದರೆ ರ‍್ಯಾಕು, ಪಿನಿಯನ್, ಬಾಲ್ ಜಾಯಿಂಟ್ ಎಲ್ಲದಕ್ಕೂ ಕ್ಲೀನ್ ಚಿಟ್. ಹೊನ್ನಾವರದವರ ಪ್ರಶ್ನೆಗೂ ಅಲ್ಲೇ ಉತ್ತರ. ಪರೀಕ್ಷೆ ಆದ ಮೇಲೆ ಚಕ್ರ ಮತ್ತೆ ನೇರಕ್ಕೆ ತನ್ನಿ, ಮರೀಬೇಡಿ.

ಬೇಲೆಕೇರಿ

ಜಾಯಿಂಟ್ ಹಿಡಿದಿದ್ರೆ ಸ್ಪ್ರೇ ಹೊಡೆದು ಆಡಿಸಿದರೆ ಬಿಡ್ತದಲ್ಲ, ಹೊಸದು ಯಾಕೆ?

ಕೋಡಿಬಾಗ ಡೀಸೆಲ್ (ಕಾರವಾರ)

ಬಿಡ್ತದೆ. ಮುಂದಿನ ಮಳೆಗೆ ಮತ್ತೆ ಹಿಡೀತದೆ. ಸ್ಪ್ರೇ ತುಕ್ಕನ್ನು ಸಡಿಲ ಮಾಡೋದರ ಜೊತೆ ಉಳಿದ ಗ್ರೀಸನ್ನೂ ತೊಳೀತದೆ. ತುಕ್ಕು ತಿಂದ ಸೂಜಿ ಬೇರಿಂಗ್ ಮತ್ತೆ ಹುಟ್ಟೋದಿಲ್ಲ, ಹಿಡಿದದ್ದು ಬಿಟ್ಟ ಮೇಲೆ ಅಲ್ಲಿ ಆಟ ಶುರುವಾಗ್ತದೆ. ಹೊಸದು ಬರೋ ತನಕ ಊರೊಳಗೆ ಓಡಾಡೋಕೆ ಸ್ಪ್ರೇ ಓಕೆ.

ಇನ್ನೊಂದು. ಲೇತ್ ಅಂಗಡಿಯಲ್ಲಿ ಹಳೇ ಜಾಯಿಂಟಿಗೆ ವೆಲ್ಡಿಂಗ್ ಮಾಡಿ ಕೊಡ್ತೇವೆ ಅಂತಾರೆ. ಬೋಟಿನ ಕೆಲಸದಲ್ಲಿ ದಿನಾ ವೆಲ್ಡಿಂಗ್ ಮಾಡಿಸೋ ನಾನೇ ಹೇಳ್ತಿದ್ದೇನೆ, ಸ್ಟೀರಿಂಗ್ ಭಾಗಕ್ಕೆ ಅದು ಬೇಡ. ದೇವಿಮನೆ, ಅರಬೈಲ್, ಅಣಶಿ, ನೀವು ಯಾವ ಘಟ್ಟ ಇಳಿದರೂ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಣಿವೆ.

ಬಿಡಿಭಾಗ ಕುಮಟಾದಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿ. ಕಾರವಾರದ ನಾವು ಮಡಗಾವಿಗೆ ಹೋಗ್ತೇವೆ. ಹಳೇ ಜಾಯಿಂಟ್ ಜೊತೆಗೆ ಒಯ್ಯಿರಿ, ಹಲ್ಲಿನ ಎಣಿಕೆ ಹೊಂದಬೇಕು.

ಅಡಿಕೆ ಚೊಗರು (ಶಿರಸಿ ಹತ್ರ)

ನನ್ನ ವರದಿ: ಇಲಿ ಏನೂ ಮಾಡಿಲ್ಲ. ಬ್ಯಾಟರಿ ಬೆಳಿಗ್ಗೆ 11.9. ಸ್ಟಾರ್ಟ್ ಆದ ಮೇಲೆ 14.1. ಬ್ಯಾಟರಿಯಿಂದ ಬಾಡಿಗೆ ಹೋಗೋ ಅರ್ಥಿಂಗ್ ವೈರಿನ ಬೋಲ್ಟ್ ಮಾತ್ರ ಹಸಿರು ಬೂಷ್ಟು ಹಿಡಿದ ಹಾಗಿದೆ.

ಕೋಡಿಬಾಗ ಡೀಸೆಲ್ (ಕಾರವಾರ)

14.1 ಅಂದರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಗಟ್ಟಿ. ಅರ್ಥಿಂಗ್ ಬೋಲ್ಟ್ ಬಿಚ್ಚಿ ಎರಡೂ ಕಡೆ ಉಜ್ಜುಕಾಗದದಿಂದ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಆಮೇಲೆ ಎಂಜಿನ್ ಓಡ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಬಾಡಿಯ ಬರೀ ಲೋಹಕ್ಕೆ ಇಟ್ಟು, ಯಾರಾದರೂ ಸ್ಟೀರಿಂಗ್ ತಿರುಗಿಸಲಿ. 0.2 ವೋಲ್ಟ್ ದಾಟಿದರೆ ಅರ್ಥಿಂಗ್ ಇನ್ನೂ ಸರಿ ಇಲ್ಲ. ಬ್ಯಾಟರಿ ಒಮ್ಮೆ ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಿ. ಮರುದಿನ ಮತ್ತೆ 12ಕ್ಕೆ ಇಳಿದರೆ ಅದರ ಆಯುಷ್ಯ ಮುಗೀತು. ಇಪಿಎಸ್ ಮೋಟರ್ ಬಗ್ಗೆ ಯೋಚನೆ ಆಮೇಲೆ.

ಅಘನಾಶಿನಿ (ಕುಮಟಾ)

ಬಿಚ್ಚಿದೆ! ಕೆಳಗಿನ ಜಾಯಿಂಟ್ ಒಂದು ಅಕ್ಷದಲ್ಲಿ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೂ ಅಲುಗೋದಿಲ್ಲ. ಬೇರಿಂಗಿನ ಟೋಪಿಗಳ ಸುತ್ತ ಕೆಂಪು ಪುಡಿ. ಶಾಫ್ಟ್ ಇಲ್ಲದೇ ಚಕ್ರ ತಳ್ಳಿದರೆ ಬೆಣ್ಣೆಯಲ್ಲಿ ಚಾಕು ಹಾಕಿದ ಹಾಗೆ ಹೋಗ್ತದೆ. ಹುಬ್ಬಳ್ಳಿಗೆ ಫೋನ್ ಮಾಡಿದ್ದೇನೆ, ಶಾಫ್ಟ್ ಸಮೇತ ಸಿಗ್ತದಂತೆ, ರ‍್ಯಾಕಿಗೆ ಹೇಳಿದ ಮೊತ್ತದ ಹತ್ತಿರವೂ ಇಲ್ಲ. ಅದು ಬರೋದರೊಳಗೆ ಆಯಿಲ್ ಬದಲಾಯಿಸೋಣ ಅಂತ. ಯಾವುದು ಹಾಕಲಿ?

ಘಟ್ಟದಮೇಲಿನವ (ಶಿರಸಿ)

ಡಬ್ಬಿಯ ಮುಚ್ಚಳದ ಮೇಲೆ ಬರೆದಿರ್ತದೆ, ಇಲ್ಲವಾದರೆ ಕಾರಿನ ಪುಸ್ತಕದಲ್ಲಿ. ನಮ್ಮಲ್ಲಿ ಓಡೋ ಹಳೇ ಹೈಡ್ರಾಲಿಕ್ ಕಾರುಗಳಲ್ಲಿ ಬಹುಪಾಲಿಗೆ ಡೆಕ್ಸ್‌ರಾನ್ ದರ್ಜೆಯ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಆಯಿಲ್). ಕೆಲವು ಯುರೋಪಿನ ಕಾರಿಗೆ ಹಸಿರು ಸಿಂಥೆಟಿಕ್, ಹೋಂಡಾಕ್ಕೆ ಅದರದ್ದೇ ಬೇರೆ. ಹಸಿರಿಗೆ ಕೆಂಪು ಬೆರೆಸಬೇಡಿ. ಬ್ರೇಕ್ ಆಯಿಲ್ ಅಂತೂ ಇದಕ್ಕೆ ಸೋಕಿಸಲೂ ಬೇಡಿ, ರಬ್ಬರ್ ಸೀಲ್ ಕೆಡ್ತವೆ. ತಪ್ಪಿ ಸ್ಟೀರಿಂಗ್ ಆಯಿಲ್ ಬ್ರೇಕ್ ಡಬ್ಬಿಗೆ ಹೋದರೆ ಅದು ಇನ್ನೂ ಅಪಾಯ. ಅಕ್ಕಪಕ್ಕ ಇರೋ ಎರಡು ಡಬ್ಬಿ, ಸಂಜೆ ಮಬ್ಬಿನಲ್ಲಿ ಈ ಕೆಲಸ ಬೇಡ.

ಶಾಫ್ಟ್ ಜೋಡಿಸಿದ ಮೇಲೆಯೇ ಆಯಿಲಿನ ಕೆಲಸ, ಮೊದಲಲ್ಲ. ಸ್ಟೀರಿಂಗ್ ತಿರುಗಿಸಬೇಕಲ್ಲ. ಒಳಗೆ ಇರೋದು ಸುಮಾರು ಒಂದು ಲೀಟರ್, ನೀವು ಎರಡು ತನ್ನಿ. ಚಕ್ರ ಎತ್ತಿದ್ದಾಗಲೇ ಡಬ್ಬಿಗೆ ವಾಪಸ್ ಬರೋ ಪೈಪ್ ಕಳಚಿ ಬಾಟಲಿಗೆ ಇಳಿಬಿಡಿ, ಡಬ್ಬಿಯ ಆ ಬಾಯಿಗೆ ಬಿರಡೆ ಹಾಕಿ. ಎಂಜಿನ್ ಆಫ್ ಇಟ್ಟೇ ಸ್ಟೀರಿಂಗ್ ನಿಧಾನ ಆಚೀಚೆ ತಿರುಗಿಸಿದರೆ ಹಳೇ ಆಯಿಲ್ ಬರ್ತದೆ. ಮೇಲಿಂದ ಹೊಸದು ಹಾಕ್ತಾ ಇರಿ, ಡಬ್ಬಿ ಖಾಲಿಯಾಗಿ ಗಾಳಿ ಎಳೀಬಾರದು. ಕೆಂಪು ಬಂದಾಗ ನಿಲ್ಲಿಸಿ, ಪೈಪ್ ಹಾಕಿ, ಹೊಸ ಕ್ಲಿಪ್ ಹಾಕಿ.

ಇನ್ನು ಗಾಳಿ ತೆಗೆಯೋದು. ಎಂಜಿನ್ ಸ್ಟಾರ್ಟ್ ಮಾಡೋ ಮೊದಲೇ ತುದಿಯಿಂದ ತುದಿಗೆ ಹದಿನೈದಿಪ್ಪತ್ತು ಸಲ ತಿರುಗಿಸಿ, ಡಬ್ಬಿಯಲ್ಲಿ ಗುಳ್ಳೆ ಬರೋದು ನಿಲ್ಲೋ ತನಕ. ಆಮೇಲೆ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಮತ್ತೆ ನಿಧಾನ ತಿರುಗಿಸಿ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಪಂಪ್ ಬಿಸಿಯಾಗ್ತದೆ. ಆಯಿಲ್ ನೊರೆ ನೊರೆಯಾದರೆ ಆಫ್ ಮಾಡಿ, ನೊರೆ ಕೂತ ಮೇಲೆ ಮತ್ತೆ. ಎಷ್ಟು ಮಾಡಿದರೂ ನೊರೆ ಹೋಗದಿದ್ದರೆ ಡಬ್ಬಿಯಿಂದ ಪಂಪಿಗೆ ಹೋಗೋ ಪೈಪಿನ ಕ್ಲಿಪ್ ಅಥವಾ ಓ-ರಿಂಗ್ ನೋಡಿ. ಅಲ್ಲಿ ಆಯಿಲ್ ಹೊರಗೆ ಸೋರದೇ ಗಾಳಿ ಮಾತ್ರ ಒಳಗೆ ಹೋಗಬಹುದು.

ಬೇಲೆಕೇರಿ

ಪಂಪ್ ತಿರುಗಿಸೋ ಬೆಲ್ಟ್ ವಿಷಯ ಯಾರೂ ಹೇಳಲೇ ಇಲ್ಲ. ಮಳೆಯಲ್ಲಿ ತಿರುಗಿಸುವಾಗ ಕಿರ್ರ್ ಅಂದರೆ ಬೆಲ್ಟ್ ಜಾರ್ತಿದೆ. ಕುಂಯ್ ಅನ್ನೋದು ಪಂಪು, ಕಿರ್ರ್ ಅನ್ನೋದು ಬೆಲ್ಟು. ಬೆಲ್ಟಿಗೆ ಸೋಪು ಉಜ್ಜೋದು, ಪೌಡರ್ ಹಾಕೋದು ಮಾಡಬೇಡಿ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಅಡಿಕೆ ಚೊಗರು (ಶಿರಸಿ ಹತ್ರ)

ಅರ್ಥಿಂಗ್ ಉಜ್ಜಿದೆ, 0.05 ತೋರಿಸ್ತದೆ. ಚಾರ್ಜ್ ಮಾಡಿದ ಬ್ಯಾಟರಿ ಮರುದಿನ ಬೆಳಿಗ್ಗೆ ಮತ್ತೆ 12ಕ್ಕೆ ಬಂತು. ಹೊಸ ಬ್ಯಾಟರಿ ಹಾಕಿದ ಮೇಲೆ ದೀಪ ಹತ್ತಿಲ್ಲ. ಒಂದು ಅನುಮಾನ: ನಮ್ಮೂರಿನ ಕೆಲವರು ಡೀಸೆಲ್ ಉಳೀತದೆ ಅಂತ ಘಟ್ಟ ಇಳಿಯುವಾಗ ಎಂಜಿನ್ ಆಫ್ ಮಾಡ್ತಾರೆ. ಅದರಿಂದ ಸ್ಟೀರಿಂಗಿಗೆ ಏನಾದರೂ ಆಗ್ತದಾ?

ಹೊನ್ನಾವರ ಬಂಡಿ

ಸ್ಟೀರಿಂಗಿಗೆ ಏನೂ ಆಗೋದಿಲ್ಲ, ಕೂತವರಿಗೆ ಆಗ್ತದೆ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಸಹಾಯ ಹೋಯ್ತು, ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಬ್ರೇಕಿನ ವ್ಯಾಕ್ಯೂಮ್ ಸಹಾಯವೂ ಹೋಯ್ತು. ಕೀ ಹೊರಗೆ ಎಳೆದರೆ ಸ್ಟೀರಿಂಗ್ ಲಾಕೂ ಬೀಳಬಹುದು. ಉಳಿತಾಯವೂ ಇಲ್ಲ, ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಈಗಿನ ಎಂಜಿನ್‌ಗಳು ಇಂಧನವನ್ನು ತಾವೇ ನಿಲ್ಲಿಸ್ತವೆ.

ಅಘನಾಶಿನಿ (ಕುಮಟಾ)

ಶಾಫ್ಟ್ ಬಂತು, ಕೂರಿಸಿದೆ. ಬೋಲ್ಟ್ ಮೊದಲು ತೂರಲಿಲ್ಲ. ಶಾಫ್ಟ್ ಇನ್ನೂ ಸ್ವಲ್ಪ ಕೆಳಗೆ ಇಳಿಯಬೇಕಿತ್ತು, ಇಳಿಸಿದ ಮೇಲೆ ಬೆರಳಲ್ಲೇ ಹೋಯ್ತು. ಹೊಸ ಬೋಲ್ಟ್, ಪುಸ್ತಕದಲ್ಲಿರೋ ಟಾರ್ಕಿಗೆ ಬಿಗಿ ಮಾಡಿದೆ. ಆಯಿಲ್ ಬದಲಾಯ್ತು. ಗಾಳಿ ಹೋಗೋಕೆ ಸ್ವಲ್ಪ ಹೊತ್ತು ಹಿಡೀತು. ಘಟ್ಟದ ಅರ್ಧ ತನಕ ಹೋಗಿ ಬಂದೆ, ತಿರುವು ಮುಗಿದ ಕೂಡಲೇ ಸ್ಟೀರಿಂಗ್ ತಾನೇ ಬರ್ತದೆ. ಹಳೇ ಆಯಿಲ್ ಏನು ಮಾಡ್ಲಿ? ಮನೆ ಹಿಂದೆ ಚೆಲ್ಲಬಹುದಾ?

ಕೋಡಿಬಾಗ ಡೀಸೆಲ್ (ಕಾರವಾರ)

ಬೇಡ ಬೇಡ. ನಿಮ್ಮ ಬಾವಿ ಎಷ್ಟು ದೂರ ಇದೆ? ಚಿರೇಕಲ್ಲಿನ ನೆಲ ನೀರು ಹೀರೋ ಹಾಗೆ ಆಯಿಲೂ ಹೀರ್ತದೆ. ಬಾಟಲಿಗೆ ಹಾಕಿ ಮುಚ್ಚಳ ಬಿಗಿದು, ಹಳೇ ಎಂಜಿನ್ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ. ರ‍್ಯಾಕ್ ಹೋಗಿದೆ ಅಂದ ಅಂಗಡಿಗೇ ಕೊಟ್ಟರೂ ಅಡ್ಡಿಲ್ಲ. ಮತ್ತೆ ಜೋಡಿಸಿದ ಬೋಲ್ಟನ್ನು ಒಂದು ವಾರ ಓಡಿಸಿದ ಮೇಲೆ ಟಾರ್ಕ್ ಪಾನಾ ಹಾಕಿ ಇನ್ನೊಮ್ಮೆ ನೋಡಿ, ಅಲೈನ್‌ಮೆಂಟ್ ಆಮೇಲೆ ಮಾಡಿಸಿ.